ಮೇಲಿನ ಎರಡು ಸಪ್ತಕ

ನಾಲ್ಕು ವರ್ಷದಿಂದ ಬಿರಡೆ ಒಂದು ಪಿಯಾನೊವನ್ನು ಬೇಕೆಂದೇ ಕೆಡಿಸುತ್ತ ಬಂದಿದ್ದ. ಮೂರು ತಿಂಗಳಿಗೊಮ್ಮೆ ಹೋಗಿ, ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿ, ಮುಚ್ಚಳ ಎತ್ತಿ, ಕೆಳಗಿನ ಐದು ಸಪ್ತಕಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಶ್ರುತಿ ಮಾಡಿ, ಮೇಲಿನ ಎರಡನ್ನು ಕೆಡಿಸಿ ಬರುತ್ತಿದ್ದ. ಅದು ಗೊತ್ತಿದ್ದವನು ಅವನೊಬ್ಬನೇ.

ಬಿರಡೆ ಎಂಬುದು ಅವನ ಹೆಸರಲ್ಲ. ತಂತಿ ಬಿಗಿಯುವ ಗೂಟಕ್ಕೆ ಬಿರಡೆ ಎನ್ನುತ್ತಾರೆ. ಒಂದು ಪಿಯಾನೊದಲ್ಲಿ ಇನ್ನೂರಕ್ಕೂ ಮೇಲೆ ಇರುತ್ತವೆ. ಅವನಪ್ಪನೂ ಶ್ರುತಿ ಮಾಡುವವನೇ, ಅವನನ್ನೂ ಜನ ಹಾಗೇ ಕರೆಯುತ್ತಿದ್ದರು. ಅಪ್ಪ ಸತ್ತಾಗ ಬಿರಡೆ ತಿರುವುವ ಉಕ್ಕಿನ ಹಿಡಿಕೆ, ರಬ್ಬರ್ ಬೆಣೆಗಳ ಚೀಲ, ಗಿರಾಕಿಗಳು, ಅಡ್ಡಹೆಸರು ಎಲ್ಲ ಒಂದೇ ಗಂಟಾಗಿ ಮಗನಿಗೆ ಬಂದವು. ಈಗ ಅವನಿಗೆ ಐವತ್ತೆಂಟು.

ಪಿಯಾನೊ ಇದ್ದದ್ದು ಅಮ್ಮನ ಮನೆಯಲ್ಲಿ. ಹೆತ್ತಮ್ಮನಲ್ಲ, ಊರಿನ ಸಂಗೀತದವರೆಲ್ಲ ಅವಳನ್ನು ಅಮ್ಮ ಎಂದೇ ಕರೆಯುತ್ತಿದ್ದರು. ಎಪ್ಪತ್ತಮೂರು ವರ್ಷದ ಈ ಹೆಂಗಸು ಮೂವತ್ತೊಂದು ವರ್ಷ ಒಂದು ನೃತ್ಯಶಾಲೆಯಲ್ಲಿ ಹುಡುಗಿಯರ ಕಾಲಿಗೆ ಪಿಯಾನೊ ನುಡಿಸಿದವಳು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಅದೇ ಲಯ, ಅದೇ ಎಂಟರ ಎಣಿಕೆ. ಎರಡು ತರಗತಿಗಳ ನಡುವೆ ಹುಡುಗಿಯರು ಷೂ ಬಿಚ್ಚಿ ಕಟ್ಟುವಷ್ಟು ಹೊತ್ತು ಸಿಕ್ಕರೆ ಸಾಕು, ಹಾಜರಿ ಹಾಳೆಯ ಬೆನ್ನಿಗೆ ಐದು ಗೆರೆ ಎಳೆದು ತನ್ನದೇ ಸಂಗೀತ ಬರೆಯುತ್ತಿದ್ದಳು. ಸಣ್ಣಸಣ್ಣದನ್ನು ಬರೆಯುವವರೆಗೆ ಯಾರಿಗೂ ತಕರಾರಿರಲಿಲ್ಲ. ಮಕ್ಕಳ ಪಾಠದ ಪುಸ್ತಕಗಳಲ್ಲಿ ಅಚ್ಚಾದವು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಮಗಳಿನ್ನೂ ತೊಟ್ಟಿಲಲ್ಲಿರುವಾಗ, ಪಿಯಾನೊ ಮತ್ತು ಇಡೀ ವಾದ್ಯಮೇಳಕ್ಕೆ ಮುಕ್ಕಾಲು ಗಂಟೆಯ ಒಂದು ದೊಡ್ಡ ಕೃತಿ ಬರೆದು ಮೇಳದ ಆಯ್ಕೆ ಸಮಿತಿಯ ಮುಂದಿಟ್ಟಳು. ತೊಡಕು ಶುರುವಾದದ್ದು ಆಗ. ಐದು ಜನ ಗಂಡಸರು ಪುಟ ತಿರುವಿದರು. ಅವರಲ್ಲೊಬ್ಬ ಕನ್ನಡಕ ಒರೆಸಿಕೊಳ್ಳುತ್ತ ಕೇಳಿದ:

"ಚೆನ್ನಾಗಿದೆ. ತಿದ್ದಿಕೊಟ್ಟೋರು ಯಾರು?"

"ರಬ್ಬರು," ಅಂದಳು ಅಮ್ಮ.

ಆ ಒಂದು ಮಾತು ಮೂವತ್ತೊಂಬತ್ತು ವರ್ಷ ತಿಂದಿತು. ಕೃತಿ ನಾಲ್ಕು ಸಲ ಸಮಿತಿಗೆ ಹೋಯಿತು, ನಾಲ್ಕು ಸಲ ಹಿಂದಕ್ಕೆ ಬಂತು. ಮೂರನೆಯ ಸಲ ಬಂದಾಗ ಮೊದಲ ಪುಟದ ಮೇಲೆ ಕಾಫಿ ಕಪ್ಪಿನ ತಳದ ದುಂಡು ಕಲೆ ಇತ್ತು. ಸಮಿತಿಯವರು ಒಬ್ಬೊಬ್ಬರಾಗಿ ಸತ್ತರು. ಅಂಚೆ ಕಚೇರಿಯಲ್ಲಿದ್ದ ಗಂಡ, ಒಳ್ಳೆಯವನು, ಅದನ್ನು ಕೇಳದೆಯೇ ಹೋದ. ಈ ವರ್ಷ ಮೇಳಕ್ಕೆ ಹೊಸ ನಿರ್ದೇಶಕ ಬಂದ. ಮೂವತ್ತಾರರ ಹರೆಯ, ಕೈಯಲ್ಲಿ ಸದಾ ಬಿಳಿ ಕೋಲು. ವಾದಕರು ಬೆನ್ನ ಹಿಂದೆ ಅವನನ್ನು ಕೋಲು ಅಂತಲೇ ಕರೆಯುತ್ತಿದ್ದರು. ಮೇಳದ ಹಳೆಯ ಬೀರು ಖಾಲಿ ಮಾಡಿಸುವಾಗ ಅವನಿಗೆ ಆ ಕೃತಿಯ ಒಂದು ಪ್ರತಿ ಸಿಕ್ಕಿತು. ಎರಡು ದಿನ ಓದಿ, "ಇದನ್ನ ಬರೆದೋರು ಇನ್ನೂ ಇದಾರಾ?" ಎಂದು ವಿಚಾರಿಸಿ ಮನೆಗೇ ಹೋದ. ಅಮ್ಮ ಒಪ್ಪಿದಳು. ಒಂದೇ ಷರತ್ತು: ಪಿಯಾನೊ ತಾನೇ ನುಡಿಸಬೇಕು.

ಇನ್ನು ಬಿರಡೆಯ ಪಾಪದ ಕಥೆ. ಹದಿನಾರರ ವಯಸ್ಸಿನಲ್ಲಿ ಅವನು ಅಪ್ಪನ ಹಿಂದೆ ಚೀಲ ಹೊತ್ತು ಅಮ್ಮನ ಮನೆಗೆ ಹೋಗಿದ್ದ. ಒಂದು ತಂತಿಯನ್ನು ತಾನೇ ಬಿಗಿದು ಸರಿಯಾಯಿತು ಅಂದ. ಒಳಗೆ ಬಟ್ಟೆ ಮಡಚುತ್ತಿದ್ದ ಅಮ್ಮ ಅಲ್ಲಿಂದಲೇ "ಇಲ್ಲ" ಅಂದಳು. ಅಪ್ಪ ಪರೀಕ್ಷಿಸಿದ. ಕೂದಲೆಳೆಯಷ್ಟು ಇಳಿದಿತ್ತು. ಅಪ್ಪ ಮಗನ ತಲೆಗೊಂದು ಮೊಟಕಿ, "ಆ ಕಿವಿ ಇಲ್ಲ ಅಂದ್ಮೇಲೆ ನಿನ್ನ ಬಾಯಿ ಮುಚ್ಕೋ," ಅಂದ. ಅದನ್ನು ಬಿರಡೆ ನಲವತ್ತೆರಡು ವರ್ಷ ಪಾಲಿಸಿದ.

ನಾಲ್ಕು ವರ್ಷದ ಹಿಂದೆ ಒಂದು ದಿನ ಅಮ್ಮ, "ಮೇಲ್ಗಡೆದು ಇಳಿದಿದೆ ಕಣೋ, ಏರಿಸು," ಅಂದಳು. ಅವನು ನುಡಿಸಿ ನೋಡಿದ. ಸರಿಯಾಗಿತ್ತು. ಇನ್ನೊಮ್ಮೆ ನೋಡಿದ. ಸರಿಯಾಗಿಯೇ ಇತ್ತು. ಆದರೆ ಹೇಳಿದವಳು ಅಮ್ಮ. ತಿರುವಿದ. ಮೂರು ತಿಂಗಳ ಮೇಲೆ ಮತ್ತೆ "ಇಳಿದಿದೆ." ಮತ್ತೆ ತಿರುವಿದ. ಆಗಲೇ ಅವನಿಗೆ ಅರ್ಥವಾಗಿತ್ತು. ತಂತಿ ಇಳಿಯುತ್ತಿಲ್ಲ, ಕಿವಿ ಇಳಿಯುತ್ತಿದೆ. ಬಾಯಿಗೆ ಬಂದದ್ದನ್ನು ನುಂಗಿದ. ಆ ಹೊತ್ತಿಗೆ ಅಮ್ಮ ಶಿಷ್ಯರನ್ನೂ ಬಿಟ್ಟಿದ್ದಳು, ಬೇರೆ ಯಾರೂ ಆ ಪಿಯಾನೊ ಮುಟ್ಟುತ್ತಿರಲಿಲ್ಲ. ಜೊತೆಗಿದ್ದ ಮಗಳು ಔಷಧಿ ಅಂಗಡಿಯವಳು. ಬಾಗಿಲ ಗಂಟೆಗೂ ಪಿಯಾನೊಗೂ ತನಗೆ ವ್ಯತ್ಯಾಸ ತಿಳಿಯಲ್ಲ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಹೀಗೆ ಆ ಪಿಯಾನೊದ ಮೇಲಿನ ಭಾಗ ಬೇರೆ ಎಲ್ಲಿಂದಲೋ ಕಡ ತಂದು ಜೋಡಿಸಿದಂತಾಯಿತು.

ಶನಿವಾರ ಕಾರ್ಯಕ್ರಮ, ಸೋಮವಾರ ಬೆಳಿಗ್ಗೆ ಮೊದಲ ಅಭ್ಯಾಸ. ಸಭಾಂಗಣದ ಪಿಯಾನೊ ಕೂಡ ಬಿರಡೆಯ ಕೈಯಲ್ಲೇ ಇತ್ತು. ಅದನ್ನು ಅವನು ಕೆಳಗಿಂದ ಮೇಲಿನವರೆಗೂ ಸರಿಯಾಗಿಯೇ ಶ್ರುತಿ ಮಾಡಿದ್ದ. ಐವತ್ತು ವಾದ್ಯಗಳ ನಡುವೆ ಸುಳ್ಳು ಇಡುವುದಕ್ಕಾಗುವುದಿಲ್ಲ. ಅಷ್ಟು ಗದ್ದಲದಲ್ಲಿ ಅವಳಿಗೆ ಗೊತ್ತಾಗಲಿಕ್ಕಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತ.

ಮೊದಲ ಭಾಗ ನೀರು ಕುಡಿದಂತೆ ಸಾಗಿತು. ಅವಳ ಬೆರಳುಗಳಿಗೆ ವಯಸ್ಸಾಗಿರಲಿಲ್ಲ. ಎರಡನೆಯದು ನಿಧಾನದ್ದು. ಅದರ ಕೊನೆಗೆ ಇಡೀ ಮೇಳ ಸುಮ್ಮನಾಗುತ್ತದೆ. ಪಿಯಾನೊ ಒಂದೇ ತೀರ ಮೇಲಿನ ಸಪ್ತಕಗಳಲ್ಲಿ ಒಂದೊಂದೇ ಸ್ವರ ಇಡುತ್ತ ಹೋಗುತ್ತದೆ. ಆಮೇಲೆ ಅದೇ ಸ್ವರಗಳನ್ನು ವಯೊಲಿನ್‌ಗಳು ಉಸಿರಿಗಿಂತ ಮೆಲ್ಲಗೆ ಎತ್ತಿಕೊಳ್ಳುತ್ತವೆ. ತೊಟ್ಟಿಲ ಮಗು ಏಳದಿರಲಿ ಎಂದು ಪಿಯಾನೊದ ಆ ತುದಿಯಲ್ಲಿ, ಬೆರಳ ತುದಿಯಲ್ಲಿ, ಕಂಡುಕೊಂಡ ಸ್ವರಗಳವು. ಇಡೀ ಕೃತಿಯಲ್ಲಿ ಅವಳಿಗೆ ತೀರ ಬೇಕಾದ ಜಾಗ.

ಅಲ್ಲಿಗೆ ಬಂದವಳು ಕೈ ಎತ್ತಿದಳು.

"ವಯೊಲಿನ್‌ನೋರು ಇಳಿದಿದೀರಿ."

ಮತ್ತೆ ನುಡಿಸಿದರು. ಮತ್ತೆ ಕೈ ಎತ್ತಿದಳು. ಮೊದಲ ಸಾಲಿನ ವಯೊಲಿನ್ ಹೆಂಗಸು, ಮೇಳಕ್ಕೆ ಹಿರಿಯಳು, ಮೆತ್ತಗೆ, "ಅಮ್ಮ, ನಿಮ್ಮ ಪಿಯಾನೊಗೇ ಸೇರಿಸ್ತಿದೀವಿ," ಅಂದಳು.

"ಹಾಗಾದ್ರೆ ಪಿಯಾನೊನೂ ಇಳಿದಿದೆ. ಎಲ್ಲಿ ಅವನು ಬಿರಡೆ?"

ಬಿರಡೆ ಎದ್ದು ನಿಂತ. ಹಿಂದಿನ ಸಾಲಿನಲ್ಲಿ ಕಹಳೆಯವನು ಪಕ್ಕದವನ ಕಿವಿಯಲ್ಲಿ, "ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ," ಅಂದ. ಯಾರೋ ಕೊಳಲೊಳಗೇ ನಕ್ಕರು. ದಪ್ಪ ದನಿಗಳು ಅಮ್ಮನಿಗೆ ಚೆನ್ನಾಗಿಯೇ ಕೇಳಿಸುತ್ತಿದ್ದವು.

"ಮೂವತ್ತೊಂದು ವರ್ಷ ಕುಣಿಯೋರಿಗೇ ನುಡಿಸಿದೀನಿ ಕಣಪ್ಪ," ಅಂದಳು ತಿರುಗಿ ನೋಡದೆ. "ನೆಲ ಡೊಂಕಿದ್ರೆ ಮೊದಲು ನಂಗೇ ಗೊತ್ತಾಗತ್ತೆ. ಬಿರಡೆ, ಇದನ್ನ ಏರಿಸು."

"ನೋಡ್ತೀನಮ್ಮ," ಅಂದ ಬಿರಡೆ. ಇಲ್ಲ ಅನ್ನುವುದಕ್ಕೆ ಐವತ್ತು ಜನ ಸಾಕ್ಷಿ ಇದ್ದರು, ಆದರೂ ಬಾಯಿ ಬರಲಿಲ್ಲ.

ವಿರಾಮದಲ್ಲಿ ನಿರ್ದೇಶಕ ಅವನನ್ನು ಮೆಟ್ಟಿಲ ಕೆಳಗೆ ಹಿಡಿದ. "ನೀವು ಹೇಳಿ. ಇಳಿದಿದ್ಯಾ?"

"ಅದು ಹಾಗಲ್ಲ ಸಾರ್... ದೀಪದ ಬಿಸಿ ಇರತ್ತೆ... ಮನೆ ಪಿಯಾನೊ ಬೇರೆ, ಇದು ಬೇರೆ..."

"ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ಬುಧವಾರ ಇನ್ನೊಂದು ಅಭ್ಯಾಸ. ಅವತ್ತೂ ಇಲ್ಲೇ ನಿಂತ್ರೆ ಪಿಯಾನೊಗೆ ಬೇರೆಯವರನ್ನ ಕೂರಿಸ್ತೀನಿ. ಸ್ವರ ನೋಡಿ ನುಡಿಸೋರು ಇದಾರೆ. ಕೃತಿ ಉಳೀಬೇಕು. ಅಮ್ಮ ಮುಂದಿನ ಸಾಲಲ್ಲಿ ಕೂತು ಕೇಳಲಿ."

ಮೂವತ್ತೊಂಬತ್ತು ವರ್ಷ ಕಾದವಳು ತನ್ನದನ್ನು ಇನ್ನೊಬ್ಬರು ನುಡಿಸುವಾಗ ಕೈ ಮಡಿಲಲ್ಲಿಟ್ಟುಕೊಂಡು ಕೂತಿರುವುದನ್ನು ಬಿರಡೆ ನೆನೆಸಿಕೊಂಡ. ಅದೂ ತನ್ನ ಹೌದಮ್ಮ ಹೌದಮ್ಮಗಳ ದೆಸೆಯಿಂದ.

ಮರುದಿನ ಬೆಳಿಗ್ಗೆ ಮಗಳು ಬಾಗಿಲು ತೆಗೆದಳು. "ಏನ್ ಬಿರಡೆ ಮಾಮ, ನಿಮ್ಮ ಸರದಿ ಮುಂದಿನ ತಿಂಗಳಲ್ವಾ? ಬನ್ನಿ. ನಿನ್ನೆಯಿಂದ ಮುಖ ಊದಿಸ್ಕೊಂಡು ಕೂತಿದಾಳೆ. ಐವತ್ತು ಜನ ತಪ್ಪಂತೆ, ಇವಳೊಬ್ಬಳೇ ಸರಿಯಂತೆ. ನಮ್ಮಪ್ಪ ಬದುಕಿರೋವರೆಗೂ ಇದನ್ನೇ ಕೇಳಿದ್ದು."

ಆ ಮನೆಯಲ್ಲಿ ದೊಡ್ಡ ಕೋಣೆ ಪಿಯಾನೊದ್ದು, ಚಿಕ್ಕ ಕೋಣೆ ಮನುಷ್ಯರದು. ಮುಚ್ಚಿಹೋದ ಒಂದು ನಾಟಕಶಾಲೆಯಿಂದ ತಂದ ಉದ್ದ ಬಾಲದ ಪಿಯಾನೊ, ಅದರ ಸುತ್ತ ಅಡ್ಡಡ್ಡ ನಡೆದರಷ್ಟೇ ಜಾಗ. ಅಮ್ಮ ಆ ಭಾಗವನ್ನೇ ನುಡಿಸುತ್ತಿದ್ದಳು. ಬಿರಡೆಗೆ ಹಲ್ಲು ಚುಳ್ಳೆಂದಿತು.

"ಕೇಳು," ಅಂದಳು. "ಹೀಗಿರ್ಬೇಕು. ಅಲ್ಲಿ ಏರಿಸಿದ್ಯಾ?"

"ಇಲ್ಲಮ್ಮ. ಅಲ್ಲಿ ಸರಿ ಇದೆ."

"ಹಾಗಾದ್ರೆ ನನ್ನ ಕಿವಿಗೇನು ಹುಳ ಬಿದ್ದಿದ್ಯಾ?"

ಅವಳು ಕೇಳಿದ್ದು ಕೆಣಕುವುದಕ್ಕೆ. ಬಿರಡೆ ನಗದೆ ಚೀಲ ಕೆಳಗಿಟ್ಟದ್ದು ನೋಡಿ ಅವಳ ಕೈ ಕೀಗಳ ಮೇಲೆ ನಿಂತಿತು.

"ಬಾಯಿ ಬಿಡೋ."

"ಈ ಪಿಯಾನೊ ಸರಿಯಿಲ್ಲ. ನಾನೇ ಕೆಡಿಸಿದೀನಿ. ನಾಲ್ಕು ವರ್ಷದಿಂದ. ನೀವು ಏರಿಸು ಅಂದಾಗೆಲ್ಲ ಏರಿಸಿದೀನಿ. ಮೊದಲೂ ಸರಿ ಇತ್ತು."

ಅಮ್ಮ ನಕ್ಕಳು. "ನಿಮ್ಮಪ್ಪ ಇದ್ದಿದ್ರೆ ನಿನ್ನ ತಲೆಗೆ ಇನ್ನೊಂದು ಮೊಟಕ್ತಿದ್ದ."

"ಮೊಟಕ್ತಿದ್ದ. ಆದ್ರೆ ಈ ಸಲ ಬೇರೆ ಕಾರಣಕ್ಕೆ."

ಮಾತಿಗೆ ಮಾತು ಇಟ್ಟರೆ ಗೆಲ್ಲುವವಳು ಅವಳೇ. ಕಿವಿಗೆ ಕಿವಿ ಇಟ್ಟರೂ ಅವಳೇ. ಅದು ಬಿರಡೆಗೆ ಗೊತ್ತಿತ್ತು. ಅವನು ಮೇಜಿನ ಮೇಲಿದ್ದ ಪತ್ರಿಕೆಯ ಅಂಚಿನಿಂದ ಉಗುರಿನಷ್ಟು ಚೂರು ಹರಿದು, ನಡುವೆ ಮಡಚಿ, ಪಿಯಾನೊದ ಹೊಟ್ಟೆಗೆ ಬಗ್ಗಿ, ನಡುಸಪ್ತಕದ ಒಂದು ತಂತಿಯ ಮೇಲೆ ಕುದುರೆ ಏರಿಸಿದಂತೆ ಕೂರಿಸಿದ. ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ತೋರಿಸುವ ಆಟ ಅದು. ಎರಡು ತಂತಿ ಒಂದಕ್ಕೊಂದು ಸರಿಯಾಗಿ ಕೂಡಿದ್ದರೆ, ಒಂದನ್ನು ಹೊಡೆದಾಗ ಇನ್ನೊಂದು ಮುಟ್ಟದೆಯೇ ನಡುಗುತ್ತದೆ.

"ಪೆಡಲ್ ಒತ್ತಿ ಹಿಡೀರಿ. ಇದರ ಕೆಳಗಿನ ಸಪ್ತಕದ್ದು ಹೊಡೀರಿ."

ಹೊಡೆದಳು. ಚೂರು ಚಿಮ್ಮಿ ಬಿತ್ತು.

"ಈಗ ಮೇಲ್ಗಡೆ." ಇನ್ನೊಂದು ಚೂರನ್ನು ಮೇಲಿನ ಗಿಡ್ಡ ತಂತಿಯ ಮೇಲೆ ಕೂರಿಸಿದ. "ಇದಕ್ಕೂ ಕೆಳಗಿನ ಸಪ್ತಕದ್ದೇ ಹೊಡೀರಿ."

ಹೊಡೆದಳು. ಚೂರು ಕದಲಲಿಲ್ಲ. ಗಟ್ಟಿಯಾಗಿ ಹೊಡೆದಳು. ಕಲ್ಲುಬಂಡೆಯ ಮೇಲಿನ ಕಾಗೆಯ ಹಾಗೆ ಕೂತೇ ಇತ್ತು. ಬಿರಡೆ ಹಿಡಿಕೆ ಹಾಕಿ ಒಂದೊಂದೇ ತಂತಿಯನ್ನು ಇಳಿಸಿದ, ನಿಂತ, ತುಸುವೇ ತುಸು ಏರಿಸಿದ. "ಈಗ."

ಚೂರು ಬಿತ್ತು.

ಅಮ್ಮ ಆ ಮೇಲಿನ ಕೀಯನ್ನು ಒತ್ತಿದಳು. "ಇದು ಇಳಿದಿದೆ," ಅಂದಳು. ಮತ್ತೆ ಒತ್ತಿದಳು. ಮೂರನೆಯ ಸಲವೂ ಒತ್ತಿದಳು. ಬಗ್ಗಿ ಕಾಗದದ ಚೂರನ್ನು ಎತ್ತಿಕೊಂಡು ಅದರ ಎರಡೂ ಬದಿ ನೋಡಿದಳು, ಅಲ್ಲೇನೋ ಬರೆದಿರುವ ಹಾಗೆ.

"ಮೊದಲ್ನೇ ದಿನವೇ ಗೊತ್ತಿತ್ತಾ?"

"ಗೊತ್ತಿತ್ತು."

"ಯಾಕೆ ಹೇಳ್ಲಿಲ್ಲ?"

"ನಿಮ್ಮ ಕಿವಿ ತಪ್ಪು ಅನ್ನೋಕೆ ನಾನ್ಯಾರು ಅನ್ನಿಸ್ತು."

"ಶ್ರುತಿ ಮಾಡೋನು ನೀನು. ನೀನಲ್ದೆ ಇನ್ಯಾರು ಹೇಳ್ಬೇಕಿತ್ತು? ಹಾಲಿನೋನಾ?" ಅವಳ ದನಿ ಏರಲಿಲ್ಲ. "ಆ ಐದು ಜನ ಗಂಡಸರು ನಂಗೆ ಮಾಡಿದ್ದನ್ನ ಎದುರಿಗೇ ಮಾಡಿದ್ರು. ನಾನು ಎದುರಿಗೇ ಬೈದು ಬಂದೆ. ನೀನು ತಲೆ ತಗ್ಗಿಸ್ಕೊಂಡು, ಅಮ್ಮ ಅಮ್ಮ ಅಂತ ಮಾಡಿದೆ. ನಂಗೆ ಬಂದದ್ದು ಕಾಯಿಲೆ. ಅದಕ್ಕೆ ಮುಸುಕು ಹಾಕಿದೋನು ನೀನು."

ಅವಳು ಹೇಳಿದ್ದರಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಮಗಳು, "ಅಮ್ಮ, ಕಿವಿ ಡಾಕ್ಟ್ರು ನಂಗೆ ಪರಿಚಯ, ಇವತ್ತೇ..." ಎಂದು ಶುರುಮಾಡಿದಳು.

"ಡಾಕ್ಟ್ರು ಮುಂದಿನ ವಾರ. ಶನಿವಾರದ ತನಕ ನಂಗೆ ಪುರುಸೊತ್ತಿಲ್ಲ." ಆಮೇಲೆ ಬಿರಡೆಗೆ: "ಮೇಲಿನ ಎರಡೂ ಸಪ್ತಕ ಸರಿ ಮಾಡು. ಈಗ್ಲೇ. ನಾನು ಇಲ್ಲೇ ಕೂತಿರ್ತೀನಿ."

ಎರಡು ಗಂಟೆ ಹಿಡಿಯಿತು. ಅವನು ಸರಿ ಮಾಡಿದ ಒಂದೊಂದು ತಂತಿಯೂ ಅವಳ ಪಾಲಿಗೆ ಕೆಡುತ್ತ ಹೋಯಿತು. ಕದಲದೆ ಕೂತಳು. ಮುಗಿದ ಮೇಲೆ ಆ ಭಾಗ ನುಡಿಸಿದಳು. ಈ ನಾಲ್ಕು ವರ್ಷದಲ್ಲಿ ಆ ಪಿಯಾನೊದ ಮೇಲೆ ಅದನ್ನು ಬಿರಡೆ ನೆಟ್ಟಗೆ ಕೇಳಿದ್ದು ಅವತ್ತೇ. ಅವಳ ಮುಖ ಮಾತ್ರ ಹುಳಿ ಕಚ್ಚಿದವಳ ಹಾಗಿತ್ತು.

"ಪೂರ್ತಿ ಸುಳ್ಳು ಕೇಳಿಸತ್ತೆ," ಅಂದಳು. "ಇದನ್ನ ಕೇಳ್ತಾ ಕೇಳ್ತಾ ನುಡಿಸೋದು ಕಲೀಬೇಕು. ನೀನು ಹೊರಡು."

ಬುಧವಾರ ಅವಳು ಪಿಯಾನೊ ಮುಂದೆ ಕೂರಲಿಲ್ಲ, ಪಕ್ಕದಲ್ಲಿ ನಿಂತಳು. ವಾದಕರು ಶ್ರುತಿ ಸೇರಿಸುವುದು ನಿಲ್ಲಿಸಿದರು.

"ಮೊನ್ನೆ ವಯೊಲಿನ್‌ನೋರಿಗೆ ಇಳಿದಿದೀರಿ ಅಂದೆ. ಇಳಿದಿರೋದು ನನ್ನ ಕಿವಿ. ಮೇಲಿನ ಎರಡು ಸಪ್ತಕ ನಂಗೆ ಬೇರೇನೇ ಕೇಳಿಸತ್ತೆ. ಕೈ ಸರಿ ಇದೆ. ಬೇಡ ಅಂದ್ರೆ ಎದ್ದು ಹೋಗ್ತೀನಿ, ಬೇಜಾರಿಲ್ಲ." ಸುಳ್ಳು ಅದು, ಬೇಜಾರಿಲ್ಲ ಅನ್ನುವಾಗ ಅವಳ ಕೈ ಪಿಯಾನೊದ ಅಂಚು ಹಿಡಿದಿತ್ತು. ಆಮೇಲೆ ಹಿಂದಿನ ಸಾಲಿಗೆ: "ನೆಲ ನೆಟ್ಟಗೇ ಇದೆ ಕಣಪ್ಪ. ನೀನು ಹೇಳಿದ್ದೇ ಸರಿ."

ಕಹಳೆಯವನು ಕಹಳೆಯಲ್ಲಿ ಇಲ್ಲದ ನೀರನ್ನು ಕೊಡವತೊಡಗಿದ.

ನಿರ್ದೇಶಕ ಕೋಲನ್ನು ಅಂಗೈಗೆ ಬಡಿದುಕೊಳ್ಳುತ್ತ ಯೋಚಿಸಿದ. "ಅಮ್ಮ, ಸ್ವರ ತಪ್ಪೋದಿಲ್ಲ, ಒಪ್ತೀನಿ. ಆದ್ರೆ ಎಷ್ಟು ಮೆಲ್ಲಗೆ ಅಂತ ಹೇಗೆ ಗೊತ್ತಾಗತ್ತೆ? ಆ ಜಾಗ ಒಂದು ಚೂರು ಗಟ್ಟಿಯಾದ್ರೂ ಸತ್ತುಹೋಗತ್ತೆ."

ಮೊದಲ ವಯೊಲಿನ್ ಹೆಂಗಸು ಹೇಳಿದಳು: "ನಾನು ನೋಡ್ಕೋತೀನಿ. ಅಮ್ಮ ನನ್ನ ಕಮಾನಿನ ತುದಿ ನೋಡಲಿ. ಏರಿಸಿದ್ರೆ ಗಟ್ಟಿ ಆಯ್ತು ಅಂತ, ಇಳಿಸಿದ್ರೆ ಸಾಲದು ಅಂತ."

ಏಳು ಸಲ ನುಡಿಸಿದರು. ಮೊದಲ ಮೂರು ಸಲ ಕಮಾನು ಏರುತ್ತಲೇ ಇತ್ತು. ಏಳನೆಯ ಸಲ ಏರಲೂ ಇಲ್ಲ, ಇಳಿಯಲೂ ಇಲ್ಲ. ನಿರ್ದೇಶಕ ಪುಟ ತಿರುವಿ, "ಮೂರನೇ ಭಾಗ," ಅಂದ. ಬೇರೆಯವರನ್ನು ಕೂರಿಸುವ ಮಾತು ಅಲ್ಲಿಗೆ ಮುಗಿಯಿತು.

ಶನಿವಾರ ಬಿರಡೆ ತೆರೆಯ ಬದಿಯಲ್ಲಿ ನಿಂತಿದ್ದ, ತಂತಿ ಹರಿದರೆ ಇರಲಿ ಎಂದು ಚೀಲ ಕಾಲ ಬುಡದಲ್ಲಿಟ್ಟುಕೊಂಡು. ಎರಡನೆಯ ಭಾಗದ ಕೊನೆಯಲ್ಲಿ ಮೇಳ ಸುಮ್ಮನಾಯಿತು. ಅಮ್ಮ ಕೀಗಳನ್ನು ನೋಡಲಿಲ್ಲ, ಆ ಕಮಾನಿನ ತುದಿಯನ್ನೇ ನೋಡುತ್ತ ಒಂದೊಂದೇ ಸ್ವರ ಇಟ್ಟಳು. ವಯೊಲಿನ್‌ಗಳು ಎತ್ತಿಕೊಂಡವು. ಪಿಯಾನೊ ಎಲ್ಲಿ ಬಿಟ್ಟಿತು, ಅವು ಎಲ್ಲಿ ಹಿಡಿದವು ಎಂದು ಬಿರಡೆಯ ಕಿವಿಗೂ ಗೆರೆ ಸಿಗಲಿಲ್ಲ. ಸಭೆಯಲ್ಲಿ ಎಂಟುನೂರು ಜನ ಅದನ್ನು ಕೇಳಿದರು. ಬರೆದವಳು ಅವರಲ್ಲಿರಲಿಲ್ಲ.

ಚಪ್ಪಾಳೆ ಮುಗಿದು ಒಳಗೆ ಬಂದವಳಿಗೆ ಬಿರಡೆ ಕೋಟು ಹಿಡಿದ. ಅವಳು ತೋಳು ಹಾಕಿದಳು, ಅವನ ಕಡೆ ನೋಡಲಿಲ್ಲ. ಹಿಂದೆ ಬರುತ್ತಿದ್ದ ವಯೊಲಿನ್ ಹೆಂಗಸನ್ನು ಕೇಳಿದಳು:

"ಸೇರ್ತಾ?"

"ಸೇರ್ತು ಅಮ್ಮ."

"ನಿಜ ಹೇಳು."

"ಕೊನೇ ಸ್ವರ ಒಂದು ಎಣಿಕೆ ಮುಂಚೆ ಬಿಟ್ರಿ. ಉಳಿದದ್ದು ಸೇರ್ತು."

ಅಮ್ಮ ತಲೆಯಾಡಿಸಿದಳು, ಗುಂಡಿ ಹಾಕಿಕೊಂಡು ಹೊರಟಳು. ಅಷ್ಟು ವರ್ಷ ಆ ಪ್ರಶ್ನೆ ಅವಳು ಕೇಳುತ್ತಿದ್ದದ್ದು ಬಿರಡೆಯನ್ನು.

ಮುಂದಿನ ತಿಂಗಳ ಸರದಿಗೆ ಕರೆ ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಬೇರೆಯವನನ್ನು ಹಿಡಿದಿರಬೇಕು ಎಂದುಕೊಂಡ. ನಾಲ್ಕನೆಯ ತಿಂಗಳು ಮಗಳು ಫೋನ್ ಮಾಡಿ, "ನಾಳೆ ಬರ್ಬೇಕಂತೆ ಮಾಮ," ಅಂದಳು, ಅಷ್ಟೇ.

ಹೋದ. ಅಮ್ಮ ಪಿಯಾನೊ ಹತ್ತಿರ ಕುರ್ಚಿ ಎಳೆದುಕೊಂಡು ಕೂತಿದ್ದಳು. ಮೊಣಕಾಲ ಮೇಲೆ ಒಂದು ತಟ್ಟೆ. ಅದರಲ್ಲಿ ಕತ್ತರಿಯಿಂದ ಒಂದೇ ಅಳತೆಗೆ ಕತ್ತರಿಸಿ ಮಡಚಿಟ್ಟ ಕಾಗದದ ಚೂರುಗಳು. ಹಳೆಯ ಹಾಜರಿ ಹಾಳೆ ಎಂದು ಒಂದೊಂದರ ಮೇಲಿನ ಅರ್ಧ ಗೆರೆ ನೋಡಿದರೆ ತಿಳಿಯುತ್ತಿತ್ತು.

"ಡಾಕ್ಟ್ರು ನೋಡಿದ್ರು," ಅಂದಳು. "ನಾಲ್ಕು ವರ್ಷ ಮುಂಚೆ ಬಂದಿದ್ರೂ ಇಷ್ಟೇ ಆಗ್ತಿತ್ತಂತೆ. ಉಳಿದದ್ದೂ ಮೆಲ್ಲಗೆ ಹೋಗತ್ತಂತೆ." ಬಿರಡೆ ಉಸಿರು ಬಿಟ್ಟದ್ದು ಅವಳಿಗೆ ಕಂಡಿರಬೇಕು. "ಅದನ್ನ ನೀನು ಸಮಾಧಾನ ಮಾಡ್ಕೋಬೇಡ. ಹೇಳಿದ್ದಿದ್ರೆ ಆ ನಾಲ್ಕು ವರ್ಷ ಇನ್ನೂ ನೆಟ್ಟಗೆ ಕೇಳೋ ಕೆಳಗಿನದರಲ್ಲೇ ಬರೀತಿದ್ದೆ. ಈಗ ಬರೀತಿದೀನಿ. ಎಷ್ಟು ದಿನ ಸಿಗತ್ತೋ."

ಪಿಯಾನೊದ ಮೇಲೆ ಬರೆದ ಹಾಳೆಗಳಿದ್ದವು. ಸ್ವರಗಳೆಲ್ಲ ಗೆರೆಗಳ ಕೆಳಗೆ ಇರುವೆ ಸಾಲಿನ ಹಾಗೆ ಮುತ್ತಿಕೊಂಡಿದ್ದವು.

"ಬೇರೆಯವನನ್ನ ಕರೀಬಹುದಿತ್ತಲ್ಲಮ್ಮ," ಅಂದ ಬಿರಡೆ.

"ಕರೆದಿದ್ದೆ. ಅವನ ಕೈ ಮರದ ಕೊರಡು. ನಿನ್ನ ಕೈ ಒಳ್ಳೇದು. ನಾಲಿಗೆ ಕೆಟ್ಟದ್ದು. ಅದಕ್ಕೆ ಇದು ಇದ್ಯಲ್ಲ." ತಟ್ಟೆ ತೋರಿಸಿದಳು. "ಶುರುಮಾಡು. ಒಂದೊಂದನ್ನೂ ನಾನೇ ನೋಡ್ತೀನಿ."

ಅವನು ಕೋಟು ಕಳಚಿ, ಬೆಣೆ ಸಿಕ್ಕಿಸಿ, ಮೇಲಿನ ಎರಡು ಸಪ್ತಕದ ಮೊದಲ ಸ್ವರಕ್ಕೆ ಹಿಡಿಕೆ ಹಾಕಿದ. ತಿರುವಿದ, ಕೇಳಿದ, ಆಯಿತು ಎಂಬಂತೆ ಕೈ ತೆಗೆದ. ಅಮ್ಮ ಬಗ್ಗಿ ಚೂರನ್ನು ತಂತಿಯ ಮೇಲೆ ಕೂರಿಸಿ, ಕೆಳಗಿನ ಕೀಯನ್ನು ಒತ್ತಿದಳು.

ಚೂರು ಅಲುಗಿತು, ಬೀಳಲಿಲ್ಲ.

"ಕೂದಲೆಳೆ ಮೇಲಿದೆ," ಅಂದ ಬಿರಡೆ. "ತಪ್ಪು ನಂದೇ."

ಇಳಿಸಿದ. ಅವಳು ಮತ್ತೆ ಒತ್ತಿದಳು. ಚೂರು ಚಿಮ್ಮಿ ಕೆಳಗೆ ಬಿತ್ತು. ಅಮ್ಮ ತಟ್ಟೆಯಿಂದ ಇನ್ನೊಂದನ್ನು ತೆಗೆದುಕೊಂಡಳು.

"ಮುಂದಿನದು," ಅಂದಳು.